ಗಿಡುಗ ಮಲಗುವ ಮರ

ಮೊದಲೇ ಹೇಳಿಬಿಡುತ್ತೇನೆ, ನನ್ನ ನಾಲಗೆ ನನ್ನ ಮಾತು ಕೇಳುವುದಿಲ್ಲ. ಸಿಟ್ಟು ಬಂದರಂತೂ ಮುಗಿಯಿತು, ಹೊಟ್ಟೆಯಲ್ಲಿರುವುದೆಲ್ಲ ಬಾಯಿಗೆ ಬಂದುಬಿಡುತ್ತದೆ. ನಮ್ಮ ಭಾವ ಎರ್ವಿನ್ ಗವ್ಲಿಕ್ ಎಂಥ ಮನುಷ್ಯ ಎಂದು ಹೇಳಲು ಕೂತವಳು ನಾನು. ಆದರೆ ಈ ಹಾಳು ನಾಲಗೆಯನ್ನು ಬಿಟ್ಟು ಅವರ ಕಥೆ ಹೇಳಲು ಬರುವುದಿಲ್ಲ.

ಭಾವ ಹದಿನಾರಕ್ಕೆ ಕಲ್ಲಿದ್ದಲು ಗಣಿಗೆ ಇಳಿದವರು, ನಲವತ್ತೇಳಕ್ಕೆ ಮೇಲೆ ಬಂದರು. ಅಷ್ಟರಲ್ಲಿ ದೂಳು ಅವರ ಶ್ವಾಸಕೋಶ ತಿಂದಿತ್ತು, ಕೊರೆಯುವ ಯಂತ್ರ ಕಿವಿ ತಿಂದಿತ್ತು. ಮಾತು ಕೇಳಿಸುತ್ತಿತ್ತು, ಸಣ್ಣ ದನಿ ಯಾವುದೂ ಕೇಳಿಸುತ್ತಿರಲಿಲ್ಲ. ಅವರು ಗಣಿಯಲ್ಲಿದ್ದಾಗ ಒಂದು ಸಲ ಕೆಂಪೆದೆಯ ಪುಟ್ಟ ಹಕ್ಕಿಯೊಂದು ಮರದ ದಿಮ್ಮಿಗಳ ಜೊತೆ ಲಿಫ್ಟಿನಲ್ಲಿ ಏಳುನೂರು ಮೀಟರ್ ಕೆಳಗೆ ಬಂದುಬಿಟ್ಟಿತ್ತಂತೆ. ಭಾವ ತಮ್ಮ ಬುತ್ತಿಯ ಬ್ರೆಡ್ಡು ಹಾಕಿ ಹನ್ನೊಂದು ದಿನ ಅದನ್ನು ಬದುಕಿಸಿದರು. ಹನ್ನೆರಡನೆಯ ದಿನ ಒಬ್ಬ ಅದರ ಮೇಲೆ ಬೂಟುಗಾಲಿಟ್ಟು ನಕ್ಕ. ಭಾವ ಅವನ ದವಡೆಯನ್ನು ಎರಡು ಕಡೆ ಮುರಿದರು. ಜೀವಮಾನದಲ್ಲಿ ಅವರು ಮನುಷ್ಯನ ಮೇಲೆ ಕೈ ಎತ್ತಿದ್ದು ಅದೊಂದೇ ಸಲ ಎಂದು ನಮ್ಮಕ್ಕ ಎಲ್ಫ್ರಿಡಾ ಹೇಳುತ್ತಿದ್ದಳು. ಅವಳನ್ನು ಮದುವೆಯಾಗಿ ಇಪ್ಪತ್ತು ವರ್ಷ ಬಾಳಿಸಿದರು, ಒಂದು ದಿನ ಗದರಿದ್ದಿಲ್ಲ.

ಗಣಿ ಬಿಟ್ಟ ಮೇಲೆ ಡಾಕ್ಟರು ದಿನಾ ನಡೆಯಿರಿ ಅಂದರು. ಭಾವ ನಡೆದರು, ನಡೆಯುತ್ತಾ ಹಕ್ಕಿ ನೋಡಿದರು, ಕಡೆಗೆ ಪಟ್ಟಣದ ಹಕ್ಕಿ ಎಣಿಸುವವರ ಸಂಘಕ್ಕೆ ಸೇರಿದರು. ಆ ಸಂಘದಲ್ಲಿ ಒಬ್ಬೊಬ್ಬರಿಗೆ ಒಂದೊಂದು ದಾರಿ ಕೊಟ್ಟಿರುತ್ತಾರೆ. ಚಳಿಗಾಲದಲ್ಲಿ ಮೂರು ಸಲ, ನವೆಂಬರ್ ಕೊನೆಗೆ, ಜನವರಿಯಲ್ಲಿ, ಫೆಬ್ರವರಿ ಕೊನೆಗೆ, ಅದೇ ದಾರಿಯಲ್ಲಿ ಅದೇ ಹೊತ್ತಿಗೆ ನಡೆದು ಕಂಡ, ಕೇಳಿದ ಹಕ್ಕಿಯನ್ನೆಲ್ಲ ಬರೆಯಬೇಕು. ಒಂದು ಹೆಚ್ಚು ಬರೆಯುವಂತಿಲ್ಲ, ಒಂದು ಕಡಿಮೆ ಬರೆಯುವಂತಿಲ್ಲ. ಕಣ್ಣಿನ ಕೆಲಸ ಭಾವನದು, ಕಿವಿಯ ಕೆಲಸ ಅಕ್ಕನದು. ಅಕ್ಕ ತೀರಿಕೊಂಡ ಮೇಲೆ ಕಿವಿಯ ಕೆಲಸಕ್ಕೆ ನಾನು ಹೋದೆ. "ಎಡಗಡೆ ಪೈನ್ ಮರದಲ್ಲಿ ಸೂಜಿ ಹಾಗೆ ಸಣ್ಣ ದನಿ, ಭಾವ, ಎರಡಿವೆ" ಅನ್ನುತ್ತಿದ್ದೆ. ಅವರು ನನ್ನ ಮುಖ ನೋಡಿ, ಮರ ನೋಡಿ, ಬರೆದುಕೊಳ್ಳುತ್ತಿದ್ದರು. ನಾನು ಹೇಳಿದ್ದನ್ನು ಒಂದು ಸಲವೂ ಅನುಮಾನಿಸಲಿಲ್ಲ.

ಆ ಸಂಘದವರಿಗೆ ಇನ್ನೊಂದು ಕಟ್ಟುಪಾಡಿತ್ತು. ಗಿಡುಗ ಎಲ್ಲಿ ಗೂಡು ಕಟ್ಟುತ್ತದೆ, ಯಾವ ಮರದಲ್ಲಿ ಮಲಗುತ್ತದೆ ಅನ್ನುವುದನ್ನು ಹೊರಗೆ ಯಾರಿಗೂ ಹೇಳಬಾರದು. ಯಾಕೆಂದರೆ ನಮ್ಮ ಊರಲ್ಲಿ ಕೆಂಪಿಟ್ಟಿಗೆಯ ಸಾಲುಮನೆ ಎಷ್ಟಿವೆಯೋ ಪಾರಿವಾಳದ ಅಟ್ಟವೂ ಅಷ್ಟೇ ಇವೆ. ಗಣಿಯ ಗಂಡಸರಿಗೆ ಹೆಂಡತಿ ಮಕ್ಕಳಿಗಿಂತ ಪಂದ್ಯದ ಪಾರಿವಾಳ ಮೇಲು, ಅದನ್ನು ಹಿಡಿಯುವ ಗಿಡುಗ ಎಲ್ಲಿದೆ ಎಂದು ಗೊತ್ತಾದರೆ ಕೊಲ್ಲದೆ ಬಿಡುವುದಿಲ್ಲ. ಅದರಲ್ಲಿ ಮೊದಲನೆಯವನು ನನ್ನ ಗಂಡ ಗಿಂಟರ್.

ಈಗ ಗೊತ್ತಾಯಿತಲ್ಲ ನನ್ನ ಪಾಡು. ಗಂಡನ ಹಕ್ಕಿಯನ್ನು ತಿನ್ನುವ ಹಕ್ಕಿಯನ್ನು ಭಾವನ ಜೊತೆ ಹೋಗಿ ಎಣಿಸಿ ಬರುವವಳು ನಾನು.

ಎಂಬತ್ತಾರರ ಶರತ್ಕಾಲದಲ್ಲಿ ಒಂದು ದೊಡ್ಡ ಹೆಣ್ಣು ಗಿಡುಗ ನಮ್ಮ ಸಾಲಿಗೆ ಗಂಟುಬಿತ್ತು. ಅಕ್ಟೋಬರಿನಲ್ಲಿ ಅಕ್ಕನ ವರ್ಷದ ಪೂಜೆ ಮುಗಿಸಿ ಎಲ್ಲರೂ ನಮ್ಮ ಹಿತ್ತಲಲ್ಲಿ ನಿಂತಿದ್ದೆವು. ಬಿಳಿ ಹೆಣ್ಣು ಪಾರಿವಾಳವೊಂದು ಚಾವಣಿಗೆ ಇಳಿಯುತ್ತಿತ್ತು. ಅದನ್ನು ಆಕಾಶದಿಂದಲೇ ಕಿತ್ತುಕೊಂಡು ಗಿಡುಗ ನಮ್ಮ ಕಲ್ಲಿದ್ದಲ ರಾಶಿಯ ಮೇಲೆ ಕೂತಿತು. ಪಾರಿವಾಳ ಇನ್ನೂ ಸತ್ತಿರಲಿಲ್ಲ, ರೆಕ್ಕೆ ಬಡಿಯುತ್ತಿತ್ತು, ಅದರ ಕತ್ತಿನ ಬುಡವನ್ನು ಗಿಡುಗ ಆಗಲೇ ಬಗೆಯತೊಡಗಿತ್ತು. ರಕ್ತ ಕರಿ ರಾಶಿಯ ಮೇಲೆ ಚಿಮ್ಮಿತು. ಗಿಂಟರ್ ಸಲಿಕೆ ಎತ್ತಿಕೊಂಡು ಓಡಿದ. ಗಿಡುಗ ಅವನನ್ನು ಕಣ್ಣೆತ್ತಿ ನೋಡಿ, ಅರ್ಧ ತಿಂದ ಹಕ್ಕಿಯನ್ನು ಹೊತ್ತುಕೊಂಡು ಬೇಲಿಯ ಆಚೆ ಹೋಯಿತು. ಭಾವ ಪಾಪ, ಅವರ ಸ್ವಭಾವವೇ ಹಾಗೆ, "ಏನು ಗಾತ್ರ, ನೋಡಿದ್ಯಾ ಹಿಲ್ಡಾ" ಅಂದುಬಿಟ್ಟರು.

ಗಿಂಟರ್ ತಿರುಗಿದ. "ಷಡ್ಡಕ, ಅದು ಹನ್ನೊಂದನೇದು. ನಿನಗೆ ಸಂತೋಷ ಆಯ್ತಾ?" ಅಂದ. ಅಂದವನೇ ಸಲಿಕೆಯ ಹಿಡಿಯಿಂದ ಭಾವನ ಬಾಯಿಗೆ ಹೊಡೆದ. ಮುಂದಿನ ಎರಡು ಹಲ್ಲು ಅಲ್ಲೇ ಬಿದ್ದವು. ಭಾವ ತಿರುಗಿ ಹೊಡೆಯಲಿಲ್ಲ, ರಕ್ತ ಉಗಿದು, ಟೋಪಿ ಹಾಕಿಕೊಂಡು ಹೋದರು. ಅವತ್ತಿಂದ ಇಬ್ಬರಿಗೂ ಮಾತಿಲ್ಲ.

ನವೆಂಬರಿನ ಎಣಿಕೆಯ ದಿನ ಆ ಗಿಡುಗ ಮಲಗುವ ಮರ ನಮಗೆ ಸಿಕ್ಕಿತು. ಸಿಕ್ಕಿದ್ದು ನನ್ನ ಕಿವಿಗೆ. ಮುಚ್ಚಿದ ಹಳೇ ಗಣಿಯ ಹಿಂದೆ, ಪೈನ್ ತೋಪಿನಲ್ಲಿ, ಒಡಕು ದನಿಯಲ್ಲಿ ಕೆಕ್ ಕೆಕ್ ಎಂದು ಬೈದಂತೆ ಕೇಳಿಸಿತು. ಭಾವನ ತೋಳು ಹಿಡಿದು ತೋರಿಸಿದೆ. ಚಿಮಣಿಯಿಂದ ಮೂರನೆಯ ಮರ. ಕೆಳಗೆ ಪಾರಿವಾಳದ ಪುಕ್ಕ, ಪಂದ್ಯದ ಹಕ್ಕಿಯ ಕಾಲಿಗೆ ಹಾಕುವ ಗುರುತಿನ ಉಂಗುರ, ಮೂಳೆ. ಭಾವ ದುರ್ಬೀನು ಕೆಳಗಿಳಿಸಿ ಹಲ್ಲಿಲ್ಲದ ಬಾಯಲ್ಲಿ ಚಿಕ್ಕ ಹುಡುಗನ ಹಾಗೆ ನಕ್ಕರು.

"ಗಿಡುಗ ಮಲಗೋ ಮರ ಒಂದನ್ನ ಹನ್ನೆರಡು ವರ್ಷದಿಂದ ಹುಡುಕ್ತಿದ್ದೆ ಕಣಮ್ಮ. ಈ ಮರ ನಿನಗೆ ಗೊತ್ತು, ನನಗೆ ಗೊತ್ತು. ಪುಸ್ತಕದಲ್ಲೂ ಬರೆಯಲ್ಲ."

"ನಾನ್ಯಾರಿಗೆ ಹೇಳಲಿ ಭಾವ?" ಅಂದೆ.

ಡಿಸೆಂಬರ್ ನಾಲ್ಕು ಗಣಿಯವರ ಬಾರ್ಬರಾ ಹಬ್ಬ. ಭಾವ ವರ್ಷಕ್ಕೊಮ್ಮೆ ಕುಡಿಯುವುದು ಅವತ್ತೇ. ಕುಡಿದರೆ ಮಾರನೆಯ ದಿನ ಏನೂ ನೆನಪಿರುವುದಿಲ್ಲ. ಆ ಸಲವೂ ಇಬ್ಬರು ಹೊತ್ತುಕೊಂಡು ಬಂದು ಮನೆಯಲ್ಲಿ ಮಲಗಿಸಿದರು. ಅದರ ಮುಂದಿನ ಭಾನುವಾರ ನಾನು ಊಟಕ್ಕೆ ಆಲೂಗಡ್ಡೆಯ ಉಂಡೆ ಬೇಯಿಸಿ, ಕೆಂಪು ಎಲೆಕೋಸಿನ ಪಲ್ಯ, ಮಾಂಸದ ಸುರುಳಿ ಮಾಡಿದ್ದೆ. ಗಿಂಟರ್ ಉಂಡೆ ಮೇಲೆ ಸಾರು ಸುರಿದುಕೊಳ್ಳುತ್ತಾ ಶುರು ಮಾಡಿದ.

"ಆ ಕಿವುಡನ ಹಿಂದೆ ಹಿಮದಲ್ಲಿ ಅಲೀತೀಯಲ್ಲ, ಏನು ಸಿಗುತ್ತೆ ನಿನಗೆ? ಗುಬ್ಬಚ್ಚಿ ಎಣಿಸೋಕೆ ಇಬ್ರು ಬೇಕಾ? ಊರಲ್ಲಿ ಏನಂತಾರೆ ಗೊತ್ತಾ?"

"ಏನಂತಾರೆ? ಬಿಡಿಸಿ ಹೇಳು."

"ಹೆಂಡ್ತಿ ಸತ್ತವನು ನಾದಿನೀನ ಕಾಡಿಗೆ ಕರ್ಕೊಂಡು ಹೋಗಿ ಏನು ಎಣಿಸ್ತಾನೋ ಅಂತಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಏನು ಎಣಿಸ್ತೀವಿ ಗೊತ್ತಾ ಕಣಯ್ಯ? ನಿನ್ನ ಪಾರಿವಾಳದ ಮೂಳೆ ಎಣಿಸ್ತೀವಿ. ಹಳೇ ಗಣಿ ಚಿಮಣಿಯಿಂದ ಮೂರನೇ ಮರದ ಮೇಲೆ ಮಹಾರಾಣಿ ಹಾಗೆ ಮಲಗ್ತಾಳೆ, ಕೆಳಗೆ ನಿನ್ನ ಹಕ್ಕಿ ಪುಕ್ಕದ್ದೇ ಹಾಸಿಗೆ. ಹೋಗಿ ನೋಡ್ಕೋ" ಅಂದೆ.

ಗಿಂಟರ್ ಉಂಡೆಯನ್ನು ಎರಡು ತುಂಡು ಮಾಡಿ ತಿಂದ. ಅವನು ಕೂಗಾಡಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಮರುದಿನವೇ ಭಾವನಿಗೆ ಹೇಳಿಬಿಡಬೇಕು ಅಂದುಕೊಂಡೆ. ಮರುದಿನ ಹೇಳಲಿಲ್ಲ. ಕ್ರಿಸ್‌ಮಸ್ ಬಂತು, ಹೊಸ ವರ್ಷ ಬಂತು, ಹೇಳಲಿಲ್ಲ. ಸಿಟ್ಟಿನಲ್ಲಿ ಅಷ್ಟು ಸಲೀಸಾಗಿ ಓಡುವ ನಾಲಗೆ ತಪ್ಪು ಒಪ್ಪಿಕೋ ಎಂದರೆ ಕಲ್ಲಾಗಿ ಕೂತಿತು.

ಜನವರಿಯ ಎಣಿಕೆಯ ಬೆಳಿಗ್ಗೆ ಮೈನಸ್ ಹದಿನೆಂಟು. ಹಿಮ ಮೊಣಕಾಲಿಗೆ ಬರುತ್ತಿತ್ತು. ಗಿಂಟರ್ ಬೆಳಗಿನ ಮೊದಲ ಪೂಜೆಗೆ ಚರ್ಚಿಗೆ ಹೋಗುತ್ತೇನೆ ಎಂದು ಐದಕ್ಕೇ ಎದ್ದು ಹೋಗಿದ್ದ. ಮದುವೆ ಆದಾಗಿನಿಂದ ಮೊದಲ ಪೂಜೆಗೆ ಹೋದವನಲ್ಲ ಅವನು. ನನಗೆ ಗೊತ್ತಾಗಬೇಕಿತ್ತು.

ಏಳಕ್ಕೆ ಭಾವ ನಮ್ಮ ಗೇಟಿನ ಹತ್ತಿರ ನಿಂತಿದ್ದರು. ಮೊದಲು ಕರಿಗುಡ್ಡ. ಗಣಿಯ ಕಸ ಸುರಿದು ಸುರಿದು ಆದ ಗುಡ್ಡ ಅದು, ಒಳಗೆ ಸದಾ ಬೆಂಕಿ, ಹಾಗಾಗಿ ಮೇಲೆ ಹಿಮ ನಿಲ್ಲುವುದಿಲ್ಲ, ಹೊಗೆಯಾಡುತ್ತಿರುತ್ತದೆ. ಬೆಚ್ಚಗಿರುತ್ತದೆಂದು ಹಕ್ಕಿಗಳು ಅಲ್ಲಿ ಮುತ್ತಿಕೊಂಡಿರುತ್ತವೆ. ಗುಬ್ಬಿ ನಲವತ್ತು, ಕಾಗೆ ಇಪ್ಪತ್ತಾರು, ಚೇಕಡಿ ಹದಿನೈದು. ಚಳಿಗೆ ಸತ್ತು ಬಿದ್ದ ಕಪ್ಪುಹಕ್ಕಿಯೊಂದನ್ನು ಎರಡು ಕಾಗೆ ಕಣ್ಣಿನಿಂದ ಶುರು ಮಾಡಿ ಕುಕ್ಕುತ್ತಿದ್ದವು. ಕೆರೆ ಪೂರ್ತಿ ಹೆಪ್ಪುಗಟ್ಟಿತ್ತು, ನಡುವೆ ಒಂದು ಬಾತು ಕಾಲು ಹಿಮಗಟ್ಟಿ ಅಂಟಿಕೊಂಡು ಸತ್ತಿತ್ತು, ಅದರ ಬೆನ್ನನ್ನು ಯಾವುದೋ ನರಿ ತಿಂದುಹೋಗಿತ್ತು. ಭಾವ ಎಲ್ಲ ಬರೆದುಕೊಂಡರು. ನಾನು ದನಿಗಳನ್ನು ಹೇಳುತ್ತಾ ಹೋದೆ, ಆದರೆ ಮನಸ್ಸೆಲ್ಲ ಮೂರನೆಯ ಮರದ ಮೇಲಿತ್ತು. ಅದು ಬದುಕಿರಲಪ್ಪ, ಇವತ್ತು ಬದುಕಿದ್ದರೆ ಭಾವನಿಗೆ ಎಲ್ಲ ಹೇಳಿಬಿಡುತ್ತೇನೆ ಎಂದು ಹೆಜ್ಜೆ ಹೆಜ್ಜೆಗೂ ಬೇಡಿಕೊಳ್ಳುತ್ತಿದ್ದೆ.

ಗಿಡುಗ ಬದುಕಿತ್ತು. ಮರದ ಮೇಲೆ ಮೈ ಉಬ್ಬಿಸಿಕೊಂಡು ಕೂತಿತ್ತು, ಕಣ್ಣು ಕೆಳಗೆ ನೆಟ್ಟಿತ್ತು. ಕೆಳಗೆ ಬಯಲಿನ ಹಿಮದಲ್ಲಿ ಒಂದು ಗೂಟ, ಗೂಟಕ್ಕೆ ಮೀನಿನ ದಾರ, ದಾರದ ತುದಿಯಲ್ಲಿ ಕಾಲು ಕಟ್ಟಿದ ಬೂದು ಪಾರಿವಾಳ. ಹಾರುತ್ತಿತ್ತು, ದಾರ ಜಗ್ಗಿ ಮುಖ ಅಡಿಯಾಗಿ ಬೀಳುತ್ತಿತ್ತು, ಮತ್ತೆ ಹಾರುತ್ತಿತ್ತು. ದಾರ ಕೊಯ್ದು ಕಾಲಿನ ಸುತ್ತ ಹಿಮವೆಲ್ಲ ಕೆಂಪಾಗಿತ್ತು.

ಅದು ನಮ್ಮ ಮನೆಯದೇ. ಒಂಬತ್ತು ವರ್ಷ ನನ್ನ ಕೈಯಿಂದ ಬಟಾಣಿ ತಿಂದ ಮುದುಕಿ ಅದು. ಗಿಂಟರನ ಹೆಸರುವಾಸಿ ಗಂಡು ಪಾರಿವಾಳ ಕೈಸರ್ ಇದೆಯಲ್ಲ, ಅದರ ಜೋಡಿ. ಚಳಿಗಾಲದಲ್ಲಿ ಗಂಡು ಹೆಣ್ಣು ಬೇರೆ ಇಡುವುದು ನಮ್ಮವರ ರೂಢಿ, ಆದರೆ ಇವೆರಡನ್ನು ಬೇರೆ ಮಾಡಿದರೆ ಕೈಸರ್ ಕಾಳು ಮುಟ್ಟುತ್ತಿರಲಿಲ್ಲ. ಮೊಟ್ಟೆ ಇಡುವುದು ನಿಂತ ಮೇಲೆ ಗಿಂಟರನಿಗೆ ಮುದುಕಿ ಲೆಕ್ಕಕ್ಕಿರಲಿಲ್ಲ.

ನಾನು ಬಾಯಿ ಬಿಡುವ ಮೊದಲೇ ಭಾವ ಕೈಗವಸು ಬಿಚ್ಚಿ, ಚಾಕು ತೆಗೆದು ಓಡಿದರು. ಹಕ್ಕಿಯ ಕತ್ತನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ದಾರ ಕೊಯ್ದರು. ಪಾರಿವಾಳ ಮೇಲೆದ್ದಿತು. ಅದೇ ಕ್ಷಣ ಮರದಿಂದ ಗಿಡುಗ ಕಲ್ಲು ಬಿದ್ದ ಹಾಗೆ ಬಿತ್ತು. ಮೊದಲ ಹೊಡೆತಕ್ಕೆ ಪಾರಿವಾಳದ ಬಾಲ ಪೂರ್ತಿ ಕಿತ್ತುಬಂದು ಗಾಳಿಯಲ್ಲಿ ಪುಕ್ಕ ಹರಡಿತು. ಬಾಲವಿಲ್ಲದ ಮುದುಕಿ ತತ್ತರಿಸಿ, ನೆಲಕ್ಕೆ ತಾಗಿದಂತೆ ಆಗಿ, ಚಿಮಣಿಯನ್ನು ಬಳಸಿ ಕರಿಗುಡ್ಡದ ಹೊಗೆಯೊಳಗೆ ನುಗ್ಗಿತು. ಗಿಡುಗ ಸುಮ್ಮನೆ ತಿರುಗಿತು. "ತಪ್ಪಿಸ್ಕೊಂಡ್ಳು ಕಣಮ್ಮ, ಪಾರಿವಾಳಾನೂ ಬದುಕಿತು, ಗಿಡುಗಾನೂ ಬದುಕಿತು" ಎಂದು ಭಾವ ಏದುಸಿರು ಬಿಡುತ್ತಾ ನಕ್ಕರು.

ಆಮೇಲೆ ಅಂಗೈ ನೋಡಿಕೊಂಡರು. ಬೆರಳಿಗೆಲ್ಲ ನೇರಳೆ ಬಣ್ಣದ ಅಂಟು. ಮೂಸಿ ನೋಡಲು ಹೋದರು, ನಾನು ಕೈ ಎಳೆದು ಹಿಮಕ್ಕೆ ಒತ್ತಿ ಚರ್ಮ ಕೆಂಪಾಗುವ ತನಕ ಉಜ್ಜಿದೆ. ಆ ಬಣ್ಣ ನನಗೆ ಗೊತ್ತಿತ್ತು. ಬೀಟ್ ಗಡ್ಡೆಯ ಹೊಲಕ್ಕೆ ಹಾಕುವ ವಿಷದ ಡಬ್ಬಿಯನ್ನು ಗುರುವಾರ ನಮ್ಮ ಕಲ್ಲಿದ್ದಲ ಕೋಣೆಯಲ್ಲಿ ನೋಡಿದ್ದೆ. ನೋಡಿ ಕೇಳದೆ ಬಂದಿದ್ದೆ.

"ಹಕ್ಕಿಯ ಕತ್ತಿಗೆ ಗಿಂಟರ್ ವಿಷ ಬಳಿದಿದ್ದಾನೆ ಭಾವ. ಗಿಡುಗ ಮೊದಲು ಬಾಯಿ ಹಾಕೋದು ಅಲ್ಲಿಗೇ ಅಲ್ವಾ?"

ಭಾವ ಮೂರನೆಯ ಮರ ನೋಡಿದರು. "ನಾನೇ ಹೇಳಿಬಿಟ್ಟಿದ್ದೀನಿ ಹಿಲ್ಡಾ. ಬಾರ್ಬರಾ ಹಬ್ಬದ ದಿನ ಕುಡಿದು ಯಾರ ಹತ್ರಾನೋ ಬಾಯಿ ಬಿಟ್ಟಿದ್ದೀನಿ. ಇನ್ಯಾರಿಗೆ ಗೊತ್ತಿತ್ತು ಈ ಮರ?"

ಆಗ ಹೇಳಬೇಕಿತ್ತು. ಹೇಳಲಿಲ್ಲ. "ಅದಿರಲಿ, ಅದು ಎಲ್ಲಿಗೆ ಹಾರಿತು ಯೋಚನೆ ಮಾಡಿ" ಅಂದೆ.

ಪಂದ್ಯದ ಪಾರಿವಾಳವನ್ನು ಬಿಟ್ಟರೆ ಎಲ್ಲಿಗೆ ಹೋಗುತ್ತದೆ? ಮನೆಗೆ ಹೋಗುತ್ತದೆ. ಜೋಡಿಯ ಪಕ್ಕ ಕೂರುತ್ತದೆ, ಜೋಡಿ ಅದರ ಕತ್ತಿನ ಪುಕ್ಕ ಸರಿಮಾಡುತ್ತದೆ. ಹಕ್ಕಿಗೆ ಹುಷಾರಿಲ್ಲ ಎಂದು ಕಂಡರೆ ನಮ್ಮ ಗಂಡಸರು ಏನು ಮಾಡುತ್ತಾರೆ? ಬಾಯಲ್ಲಿ ನೀರು ಬೆಚ್ಚಗೆ ಮಾಡಿಕೊಂಡು ಹಕ್ಕಿಯ ಕೊಕ್ಕನ್ನು ತಮ್ಮ ತುಟಿಯ ನಡುವೆ ಇಟ್ಟು ಕುಡಿಸುತ್ತಾರೆ. ಗಿಂಟರ್ ನನ್ನ ಕಣ್ಣೆದುರು ಸಾವಿರ ಸಲ ಹಾಗೆ ಕುಡಿಸಿದ್ದಾನೆ. ಇದನ್ನೆಲ್ಲ ನಾವು ಬಾಯಲ್ಲಿ ಆಡಲಿಲ್ಲ, ಓಡಿದೆವು.

ಪಾರಿವಾಳಕ್ಕೆ ಮೂರು ನಿಮಿಷದ ದಾರಿ. ಆ ಹಿಮದಲ್ಲಿ ನಮಗೆ ಮುಕ್ಕಾಲು ಗಂಟೆ. ಭಾವ ಎರಡು ಸಲ ಬಿದ್ದರು, ಕೆಮ್ಮಿ ಕೆಮ್ಮಿ ಕರಿ ಕಫ ಉಗಿದರು, ಎದ್ದು ಮತ್ತೆ ಓಡಿದರು. ನೀವು ನಿಧಾನಕ್ಕೆ ಬನ್ನಿ ಎಂದರೂ ಕೇಳಲಿಲ್ಲ. ದಾರಿಯಲ್ಲಿ ಸಿಕ್ಕಿದ ಗಣಿಯ ದವಾಖಾನೆಗೆ ನುಗ್ಗಿ, ಡಾಕ್ಟರು ಬರಲಿ, ವಿಷದ ಮದ್ದು ತರಲಿ ಎಂದು ಕಿರುಚಿ ಬಂದೆ.

ಅಟ್ಟದ ಏಣಿ ಹತ್ತಿದಾಗ ಮೊದಲು ಕಂಡಿದ್ದು ಕೈಸರ್. ಕತ್ತು ಹಿಂದಕ್ಕೆ ತಿರುಚಿ ಸತ್ತು ಬಿದ್ದಿತ್ತು. ಗೂಡಿನ ಮೂಲೆಯಲ್ಲಿ ಬಾಲವಿಲ್ಲದ ಮುದುಕಿ ಸತ್ತಿತ್ತು. ಉಳಿದ ಹಕ್ಕಿಗಳು ಹುಚ್ಚು ಹಿಡಿದ ಹಾಗೆ ಗೋಡೆಗೆ ಬಡಿದುಕೊಳ್ಳುತ್ತಿದ್ದವು. ನಡುವೆ ಗಿಂಟರ್ ಮೊಣಕಾಲೂರಿದ್ದ. ಬಾಯಿಂದ ನೊರೆ, ಮೂಗಿಂದ ನೀರು, ಮೈಯೆಲ್ಲ ಜಗ್ಗುತ್ತಿತ್ತು. ಕೈಸರ್ ಒದ್ದಾಡುವುದನ್ನು ಕಂಡು ಚಳಿ ಹಿಡಿದಿದೆ ಎಂದುಕೊಂಡು ನೀರು ಕುಡಿಸಿದ್ದನಂತೆ. ಮುದುಕಿ ವಾಪಸು ಬಂದಿದ್ದು ಅವನು ನೋಡಿದ್ದು ಆಮೇಲೆ.

ಭಾವನನ್ನು ಕಂಡದ್ದೇ ತಡ, ಅವನಿಗೆ ಎಲ್ಲಿಂದ ಬಲ ಬಂತೋ, ಹಿಕ್ಕೆ ಕೆರೆಯುವ ಕಬ್ಬಿಣದ ಪಟ್ಟಿ ಎತ್ತಿಕೊಂಡು ಮೇಲೆ ಬಿದ್ದ. "ಬಿಚ್ಚಿದ್ದು ನೀನಾ? ನನ್ನ ಕೈಸರನ್ನ ಕೊಂದ್ಯಲ್ಲೋ ಕಿವುಡ ನನ್ಮಗನೇ." ಪಟ್ಟಿ ಭಾವನ ಹುಬ್ಬಿನಿಂದ ಕಿವಿಯ ತನಕ ಸೀಳಿತು. ರಕ್ತ ಕಣ್ಣಿಗೆ ಇಳಿಯಿತು. ಗಿಂಟರ್ ಎರಡನೆಯ ಸಲ ಎತ್ತಿದ, ಎತ್ತಿದ ಕೈ ಹಾಗೇ ನಡುಗಿ, ನೆಟ್ಟಗೆ ಹಿಂದಕ್ಕೆ ಬಿದ್ದ. ಹಿಮ್ಮಡಿ ಹಲಗೆಗೆ ಬಡಿದುಕೊಂಡವು. ಆಮೇಲೆ ಅದೂ ನಿಂತಿತು, ಉಸಿರೂ ನಿಂತಿತು.

ಭಾವ ಕಿಟಕಿಯ ಮೇಲಿನ ಹಿಮ ಬಾಚಿ ಅವನ ತುಟಿ, ಗದ್ದ, ಬಾಯಿಯೊಳಗೆಲ್ಲ ತಿಕ್ಕಿ ಒರೆಸಿದರು. "ಬೇಡ ಭಾವ, ವಿಷ ಇದೆ" ಎಂದು ತೋಳು ಜಗ್ಗಿದೆ. ಅವರು ನನ್ನನ್ನು ಮೊಣಕೈಯಿಂದ ಆಚೆ ನೂಕಿ, ಅವನ ಬಾಯಿಗೆ ಬಾಯಿಟ್ಟು ಊದಿದರು. ಗಣಿಯಲ್ಲಿ ಗ್ಯಾಸ್ ಹತ್ತಿದವರಿಗೆ ಹೀಗೆ ಉಸಿರು ಕೊಟ್ಟವರು ಅವರು. ಆದರೆ ಆಗ ಅವರ ಶ್ವಾಸಕೋಶ ಚೆನ್ನಾಗಿತ್ತು. ಊದುವುದು, ಕೆಮ್ಮುವುದು, ಕರಿ ಕಫ ಉಗಿಯುವುದು, ಮತ್ತೆ ಊದುವುದು. ಅವರ ಹಣೆಯ ರಕ್ತ ಗಿಂಟರನ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಎಷ್ಟು ಹೊತ್ತೋ ನಾನು ಕಾಣೆ. ಡಾಕ್ಟರು ಬಂದು ಸೂಜಿ ಚುಚ್ಚಿದಾಗ ಗಿಂಟರನ ಎದೆ ತಾನಾಗಿ ಏರುತ್ತಿತ್ತು, ಭಾವ ಪಕ್ಕದಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದರು.

ಇಬ್ಬರೂ ಬದುಕಿದರು. ಗಿಂಟರ್ ಹತ್ತೊಂಬತ್ತು ದಿನಕ್ಕೆ ಮನೆಗೆ ಬಂದ, ಬಲಗೈ ನಡುಗುವುದು ನಿಲ್ಲಲಿಲ್ಲ. ಪೊಲೀಸರು ಕೇಳಿದರೆ ಹೊಲದ ಔಷಧಿ ಮುಟ್ಟಿ ಹೀಗಾಯಿತು ಅಂದ. ಪಾರಿವಾಳಗಳನ್ನು ಕೊಟ್ಟುಬಿಟ್ಟ. ಭಾವನ ಹೆಸರು ಎತ್ತಲಿಲ್ಲ, ಧನ್ಯವಾದವನ್ನೂ ಹೇಳಲಿಲ್ಲ, ಅವನ ಜಾಯಮಾನವೇ ಅಷ್ಟು.

ಭಾವ ಎಂಟು ದಿನಕ್ಕೇ ಮನೆಗೆ ಬಂದಿದ್ದರು. ಆದರೆ ಹೊರಗೆ ಕಾಣಲಿಲ್ಲ. ಫೆಬ್ರವರಿಯ ಎಣಿಕೆಗೆ ನಾಲ್ಕು ದಿನ ಇದೆ ಎನ್ನುವಾಗ ನಾನು ಕೋಳಿ ಸಾರು ಮಾಡಿಕೊಂಡು ಹೋದೆ. ಗಡ್ಡ ಬೆಳೆದಿತ್ತು. ಹುಬ್ಬಿನ ಹೊಲಿಗೆ ಇನ್ನೂ ಕೀವಾಡುತ್ತಿತ್ತು. ಮೇಜಿನ ಮೇಲೆ ದುರ್ಬೀನು ಪೆಟ್ಟಿಗೆಯಲ್ಲಿಟ್ಟು ದಾರ ಕಟ್ಟಿದ್ದರು, ಪಕ್ಕದಲ್ಲಿ ಎಣಿಕೆಯ ಪುಸ್ತಕ, ಸಂಘಕ್ಕೆ ಬರೆದ ಕಾಗದ. ಓದು ಎಂದು ಕೊಟ್ಟರು. 'ಗಿಡುಗ ಮಲಗುವ ಮರವನ್ನು ನಾನು ಕುಡಿದು ಹೊರಗೆ ಹೇಳಿದ್ದೇನೆ. ಅದರಿಂದ ಒಬ್ಬ ಮನುಷ್ಯ ಸಾಯುವುದರಲ್ಲಿದ್ದ. ನನಗೆ ಕೊಟ್ಟ ದಾರಿಯನ್ನು ಬೇರೆಯವರಿಗೆ ಕೊಡಿ. ನಾನು ಯೋಗ್ಯನಲ್ಲ.' ಇಷ್ಟೇ ಇತ್ತು.

"ಯಾರಿಗೆ ಹೇಳಿದೆ ಅಂತ ನೆನಪು ಮಾಡ್ಕೊಳ್ಳೋಕೆ ನೋಡ್ತೀನಿ ಹಿಲ್ಡಾ," ಭಾವ ಅಂದರು, "ರಾತ್ರಿ ಎಲ್ಲ ಕೂತು ನೋಡ್ತೀನಿ. ಒಬ್ಬೊಬ್ಬರ ಮುಖಾನೂ ನೆನಪು ಮಾಡ್ಕೋತೀನಿ. ಬರಲ್ಲ. ನಿಮ್ಮಕ್ಕ ಇದ್ದಿದ್ರೆ ನನ್ನ ಮುಖಕ್ಕೆ ಉಗೀತಿದ್ಲು."

ಸಾರಿನ ಪಾತ್ರೆ ನನ್ನ ಕೈಯಲ್ಲೇ ಇತ್ತು. ಕೆಳಗಿಡಲೂ ಆಗಲಿಲ್ಲ.

"ಹೇಳಿದ್ದು ನಾನು ಭಾವ," ಅಂದೆ. "ಗಿಂಟರಿಗೆ ನಾನೇ ಹೇಳಿದೆ. ಊಟಕ್ಕೆ ಕೂತಾಗ, ಸಿಟ್ಟಲ್ಲಿ. ಮೂರನೇ ಮರ ಅಂತ ಬಿಡಿಸಿ ಹೇಳಿದೆ. ನೀವು ಯಾರಿಗೂ ಹೇಳಿಲ್ಲ."

ಕಿವಿಗೆ ಬೀಳಲಿಲ್ಲವೇನೋ ಎಂದು ಇನ್ನೊಮ್ಮೆ ಜೋರಾಗಿ ಹೇಳಿದೆ. ಬೈಯಲಿ, ಹೊಡೆಯಲಿ ಎಂದು ಮುಖ ಮುಂದೆ ಮಾಡಿ ನಿಂತೆ. ನಿಜವಾಗಿಯೂ ಹೊಡೆಯಲಿ ಅನ್ನಿಸಿತ್ತು.

ಭಾವ ಕುರ್ಚಿಯ ಮೇಲೆ ಕುಸಿದು ಕೂತರು. "ಹಾಗಾದ್ರೆ ನಾನಲ್ಲ," ಅಂದರು. ಮತ್ತೆ ಅಂದರು, "ನಾನಲ್ಲ ಹೇಳಿದ್ದು." ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಕ್ಕ ಸತ್ತಾಗಲೂ ಹಾಗೆ ಅತ್ತವರಲ್ಲ. ನನ್ನ ಮೇಲಿನ ಸಿಟ್ಟಿಗೆ ಅತ್ತಿದ್ದಲ್ಲ, ತಾನಲ್ಲ ಎಂಬ ಸಮಾಧಾನಕ್ಕೆ ಅತ್ತರು. ಐದು ವಾರ ಅವರು ಆ ಮನೆಯಲ್ಲಿ ಒಬ್ಬರೇ ಕೂತು ಏನು ಅನುಭವಿಸಿದ್ದರು ಎಂಬುದು ನನಗೆ ಆಗ ಅರ್ಥವಾಯಿತು. ಒಂದು ಮಾತಿನಿಂದ ಬಿಡಿಸಬಹುದಾಗಿದ್ದುದನ್ನು ನಾನು ಹಾಗೇ ಬಿಟ್ಟಿದ್ದೆ. ವಿಷ ಗಿಂಟರ್ ಇಟ್ಟಿದ್ದು. ಇದು ನಾನು ಇಟ್ಟಿದ್ದು.

ಕಾಗದ ಹರಿದು ಒಲೆಗೆ ಹಾಕಿದರು. ಸಾರು ಕುಡಿದರು. ಚೆನ್ನಾಗಿದೆ ಎಂದೂ ಹೇಳಿದರು.

ಭಾನುವಾರ ಆರೂವರೆಗೇ ಬೂಟು ಹಾಕಿಕೊಂಡು, ಫ್ಲಾಸ್ಕಿಗೆ ಚಹಾ ತುಂಬಿಕೊಂಡು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತಿದ್ದೆ. ಏಳಕ್ಕೆ ಸರಿಯಾಗಿ ಭಾವ ಬಂದರು, ಕೊರಳಲ್ಲಿ ದುರ್ಬೀನು ಇತ್ತು. ನಮ್ಮ ಗೇಟಿನ ಮುಂದೆ ನಡಿಗೆ ನಿಧಾನ ಮಾಡಲಿಲ್ಲ. ಕರಿಗುಡ್ಡದ ಕಡೆ ಒಬ್ಬರೇ ಹೋದರು. ಆಮೇಲೆ ಇನ್ನು ಹದಿನಾಲ್ಕು ಚಳಿಗಾಲ ಅವರು ಆ ದಾರಿ ನಡೆದರು. ನನಗೆ ಒಂದು ದಿನವೂ ಬೈಯಲಿಲ್ಲ, ಹಬ್ಬಕ್ಕೆ ಕರೆದರೆ ಬಂದು ಊಟ ಮಾಡಿ ಹೋದರು. ಎಣಿಕೆಗೆ ಮಾತ್ರ ನನ್ನನ್ನು ಮತ್ತೆ ಕರೆಯಲಿಲ್ಲ.